ಪ್ಲಸ್ ಅಂದರೆ ಒಳ್ಳೆಯದು ಅಂತಲ್ಲ

ಲೇ ಗುಬ್ಬಿ,

ಮೇಜಿನ ಮೇಲೆ ನೀನು ಬಿಟ್ಟಿದ್ದ ಕೆರೆಯ ನಕ್ಷೆ ನೋಡಿದೆ, ಕೆರೆಯಲ್ಲಿ ಯಾವುದು ಯಾವುದನ್ನು ಹೆಚ್ಚಿಸುತ್ತದೆ, ಯಾವುದನ್ನು ತಗ್ಗಿಸುತ್ತದೆ ಅಂತ ಸುತ್ತಲೂ ಬಾಣ ಹಾಕಿದ್ದೀಯಲ್ಲ, ಅದು. ಗೊಬ್ಬರದಿಂದ ಪಾಚಿಗೆ ಹೋಗುವ ಬಾಣಕ್ಕೆ ಮೈನಸ್ ಹಾಕಿದ್ದೀಯ. ಪ್ಲಸ್ ಅಂದರೆ ಒಳ್ಳೆಯದು ಅಂತಲ್ಲ ಕಣೇ. ಗೊಬ್ಬರ ಹೆಚ್ಚಿದರೆ ಪಾಚಿಯೂ ಹೆಚ್ಚುತ್ತದೆ, ಅದಕ್ಕೇ ಪ್ಲಸ್. ಟೀಚರ್‌ಗೆ ಕೊಡುವ ಮೊದಲು ತಿದ್ದು.

ಹಾಲು ಕಾಯಿಸಿಟ್ಟಿದ್ದೇನೆ. ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೀಬೇಡ ಅಂತ ಎಷ್ಟು ಸಲ ಹೇಳಲಿ?

ನಿನ್ನ ನಕ್ಷೆಯ ಬಾಣಗಳು ಸುತ್ತಿ ಮತ್ತೆ ಮೊದಲಿಗೇ ಬರುತ್ತವಲ್ಲ, ನಮ್ಮ ಮನೆಯಲ್ಲೂ ಅಂಥದ್ದೇ ಒಂದು ಸುತ್ತು ಇದೆ. ಮುಂಜಾನೆ ಪಾಳಿ ಅಂತ ನಾನು ಬೇಗ ಮಲಗುತ್ತೇನೆ. ನಿದ್ದೆ ಕೆಡುತ್ತದೆ ಅಂತ ನೀನು ಎಬ್ಬಿಸುವುದಿಲ್ಲ. ಅದಕ್ಕೇ ನಾನು ಚೀಟಿ ಬರೆದಿಡುತ್ತೇನೆ. ಚೀಟಿ ಇದೆಯಲ್ಲ ಅಂತ ನೀನು ಮತ್ತೆ ಎಬ್ಬಿಸುವುದಿಲ್ಲ. ನಿನ್ನ ದನಿ ಕೇಳಿ ಒಂಬತ್ತು ದಿನವಾಯಿತು.

ಇದಕ್ಕೆ ಉತ್ತರ ಬರೆದಿಡಬೇಡ. ಸಂಜೆ ಲೈಬ್ರರಿಯಿಂದ ಬಂದ ಕೂಡಲೇ ನನ್ನನ್ನು ಎಬ್ಬಿಸು.

ಅಕ್ಕ