ಸೊರಬಕ್ಕೆ ಹೊರಟ ಮೀನಿನ ಪೆಟ್ಟಿಗೆ

ಶಿಕಾರಿಪುರ
ಸೋಮವಾರ

ಅಪ್ಪನಿಗೆ ಗಂಗಾಶ್ರೀಯ ಶರಣು.

ನೀವು ಫೋನ್ ಎತ್ತುತ್ತಿಲ್ಲವೆಂದು, ತೊಗರ್ಸಿಗೆ ಬರುತ್ತಿರುವ ಗೆಳತಿ ಧನ್ಯಾಳ ಕೈಯಲ್ಲಿ ಈ ಪತ್ರ ಕೊಟ್ಟಿದ್ದೇನೆ. "ಮೀನು ಮಾರೋ ಮನ್ಯಾಗ ನಾ ನೀರು ಮುಟ್ಟಲ್ಲ" ಎಂದು ನೀವು ತೊಗರ್ಸಿಯ ಅತ್ತೆಯ ಮನೆಗೆ ಹೋದ ಮೇಲೆ ಅವ್ವ ಸರಿಯಾಗಿ ಉಣ್ಣುತ್ತಿಲ್ಲ. ನನಗೂ ಕೂತಲ್ಲಿ ಕೂರಲು ಆಗುತ್ತಿಲ್ಲ.

ನಾನು ಮಾರುವುದು ತಿನ್ನುವ ಮೀನಲ್ಲ ಅಪ್ಪಾ, ಗಾಜಿನ ತೊಟ್ಟಿಯಲ್ಲಿ ಸಾಕುವ ಬಣ್ಣದ ಮೀನು. ಮೊದಲ ಸಲ ಸೊರಬದ ಅಂಗಡಿಗೆ ನೀರು ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಹಾಕಿ, ಬರೀ ರಟ್ಟಿನ ಡಬ್ಬದಲ್ಲಿಟ್ಟು ಕಳಿಸಿದ್ದೆ. ಬಸ್ಸಿನ ಇಂಜಿನ್ ಶಾಖಕ್ಕೆ ಎಲ್ಲವೂ ಸತ್ತವು. ಅಳು ತಡೆಯಲಾಗಲಿಲ್ಲ. ಆಮೇಲೆ ಫ್ರಿಜ್ಜಿನ ಜೊತೆ ಬಂದಿದ್ದ ಥರ್ಮೋಕೋಲ್ ಕತ್ತರಿಸಿ, ಸಂದಿಗೆಲ್ಲ ಟೇಪ್ ಸುತ್ತಿ, ಒಳಗೆ ಹಳೆಯ ಕೌದಿಯ ತುಂಡು ಹಾಸಿ ನಾನೇ ಪೆಟ್ಟಿಗೆ ಮಾಡಿದೆ. ಕಳೆದ ವಾರ ಅದನ್ನು ಬಸ್ಸಿಗೆ ಹಾಕುವಾಗ ಕಂಡಕ್ಟರ್, "ಏನೈತ್ರಿ ಇದ್ರಾಗೆ?" ಎಂದರು.

"ಜೀವ ಐತ್ರೀ" ಎಂದೆ.

ಅವರು ಪೆಟ್ಟಿಗೆಯನ್ನು ತಮ್ಮ ಸೀಟಿನ ಪಕ್ಕದಲ್ಲೇ ಇಟ್ಟುಕೊಂಡರು. ಒಂದೂ ಸಾಯಲಿಲ್ಲ.

ನಿಮ್ಮ ಬಿಪಿ ಮಾತ್ರೆ ಇಲ್ಲೇ ಉಳಿದಿದೆ. ನಾಳೆ ಬೆಳಗಿನ ಸೊರಬದ ಬಸ್ಸಿನಲ್ಲಿ ಇನ್ನೊಂದು ಪೆಟ್ಟಿಗೆಯ ಜೊತೆ ನಾನೂ ಬರುತ್ತೇನೆ. ಶಿರಾಳಕೊಪ್ಪದ ಬಸ್ ನಿಲ್ದಾಣಕ್ಕೆ ಬಂದು ಮಾತ್ರೆ ತೆಗೆದುಕೊಳ್ಳಿ. ಪೆಟ್ಟಿಗೆಯ ಹತ್ತಿರ ಬರಬೇಕಾಗಿಲ್ಲ, ಕಿಟಕಿಯಿಂದಲೇ ಕೊಡುತ್ತೇನೆ.

ಬಸ್ಸು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನೀವು ಕಾಣದಿದ್ದರೆ ನಾನು ಅಲ್ಲೇ ಇಳಿದು ಅತ್ತೆಯ ಮನೆಗೆ ಬರುತ್ತೇನೆ. ಮೀನು ಸೊರಬಕ್ಕೆ ತಾವೇ ಹೋಗುತ್ತವೆ.

ನಿಮ್ಮ ಮಗಳು,
ಗಂಗಾಶ್ರೀ