ಬಾಯಿಲ್ಲದ ಬೇಳೆ

ಲಿಮೆರಿಕ್
ಮಂಗಳವಾರ, ೧೪ ಸೆಪ್ಟೆಂಬರ್ ೨೦೨೧

ಪ್ರೀತಿಯ ಚಿತ್ರಾ,

‘ಚಿರಂಜೀವಿ ಚಿತ್ರಾಳಿಗೆ ನಿನ್ನ ಅಕ್ಕ ಮಾಡುವ ಆಶೀರ್ವಾದಗಳು’ ಎಂದು ಬರೆದು ಹೊಡೆದುಹಾಕಿದೆ. ಅಮ್ಮ ಹಾಗೇ ಶುರು ಮಾಡುತ್ತಿದ್ದಳಲ್ಲ, ಕೈ ತಾನಾಗಿ ಓಡಿತು. ಹಾಳೆ ಬದಲಾಯಿಸಿದ್ದೇನೆ. ಈ ಸಲ ಆಶೀರ್ವಾದ ಬೇಡ.

ವಾಟ್ಸ್ಯಾಪ್ ಬಿಟ್ಟು ಕಾಗದ ಯಾಕೆ ಅಂತ ನಿನಗೆ ಅನ್ನಿಸಬಹುದು. ಈ ಮಾತನ್ನು ಫೋನಿನಲ್ಲಿ ಎರಡು ಸಲ ಶುರು ಮಾಡಿದ್ದೆ, ಒಂದು ಸಲ ಜೂನ್‌ನಲ್ಲಿ, ಇನ್ನೊಂದು ಸಲ ನಿನ್ನ ಹುಟ್ಟಿದ ದಿನ. ಎರಡು ಸಲವೂ ನೀನು “ಇರ್ಲಿ ಬಿಡೇ ಅಕ್ಕ, ಊಟ ಆಯ್ತಾ?” ಅಂದೆ. ನಾನು ಸದ್ಯ ಬದುಕಿದೆ ಅಂದುಕೊಂಡು ಹುಳಿಗೆ ಏನು ಹಾಕಿದ್ದೆ ಅಂತ ಹೇಳಿದೆ. ಕಾಗದಕ್ಕೆ ನೀನು ಅಡ್ಡ ಬಾಯಿ ಹಾಕಲಾರೆ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಭಾವ ಹೇಮಚಂದ್ರ ಇನ್ನೂ ಊಟದ ಮೇಜಿನ ಮೇಲೇ ಆಫೀಸು ನಡೆಸುತ್ತಿದ್ದಾರೆ. ಅದಿತಿ ಸ್ಕೂಲಿಗೆ ಹೋಗುತ್ತಿದ್ದಾಳೆ. ನನ್ನ ವಾರ್ಡಿನಲ್ಲಿ ಹಾಸಿಗೆಗಳು ಸ್ವಲ್ಪ ಖಾಲಿಯಾಗಿವೆ. ನನ್ನ ಸುದ್ದಿ ಕೇಳಿದರೆ, ಏನೂ ಇಲ್ಲ. ಅಮ್ಮ ಹೋದ ಮೇಲೆ ನಾನು ಒಂದು ಸಲವೂ ಅತ್ತಿಲ್ಲ, ನಿನಗೆ ಗೊತ್ತಿರಲಿ. ಡ್ಯೂಟಿಗೆ ಹೋಗುತ್ತೇನೆ, ಬರುತ್ತೇನೆ, ಪಾತ್ರೆ ತೊಳೆಯುತ್ತೇನೆ. ಬಿಸಿನೀರು ಎಷ್ಟು ಬಿಸಿ ಅಂತ ಕೈ ಕೆಂಪಾದ ಮೇಲೆ ತಿಳಿಯುತ್ತದೆ. ಅದಿತಿ “ಯೂ ಗ್ರ್ಯಾಂಡ್, ಮ್ಯಾಮ್?” ಎಂದು ಲಿಮೆರಿಕ್ ರಾಗದಲ್ಲಿ ಕೇಳುತ್ತಾಳೆ. “ಗ್ರ್ಯಾಂಡ್ ಕಣೇ” ಎನ್ನುತ್ತೇನೆ. ಇಲ್ಲಿಯವರ ಗ್ರ್ಯಾಂಡ್‌ನಲ್ಲಿ ವೈಭವವೇನೂ ಇಲ್ಲ, ಪರವಾಗಿಲ್ಲ ಅನ್ನುವಷ್ಟೇ ಅರ್ಥ.

ಪಕ್ಕದ ಮನೆಯ ಎಸ್ಟೆಲ್ ನಿನಗೆ ನೆನಪಿರಬೇಕು. ವಿಡಿಯೋದಲ್ಲಿ ಬೇಲಿಯಾಚೆಯಿಂದ ಅಮ್ಮನಿಗೆ ಕೈ ಬೀಸಿದ್ದರಲ್ಲ, ಬಿಳಿ ಕೂದಲಿನವರು. ಅಮ್ಮ ಅವರನ್ನು ನೋಡಿ “ಆ ಮುದುಕಿ ಒಬ್ರೇ ಇದಾರೆ, ಒಂದಿಷ್ಟು ಚಕ್ಕುಲಿ ಕೊಡೇ” ಅಂದಿದ್ದಳು. ಎಪ್ಪತ್ತೊಂಬತ್ತು ವರ್ಷ, ಗಣಿತದ ಟೀಚರಾಗಿ ನಿವೃತ್ತಿಯಾದವರು, ಯೆಹೂದಿಗಳು. ಡಬ್ಲಿನ್‌ನಲ್ಲಿ ಹುಟ್ಟಿ ಮದುವೆಯಾಗಿ ಇಲ್ಲಿಗೆ ಬಂದರು, ಗಂಡ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವರಲ್ಲಿ ಕೆಲವು ಪ್ರಾರ್ಥನೆಗೆ ಹತ್ತು ಜನ ಸೇರಬೇಕಂತೆ. ಈ ಊರಿನಲ್ಲಿ ಹತ್ತು ಜನರನ್ನು ಒಟ್ಟುಗೂಡಿಸಲು ಆಗುವುದಿಲ್ಲ ಎನ್ನುತ್ತಾರೆ. ಲಾಕ್‌ಡೌನ್‌ನಲ್ಲಿ ಐದು ಕಿಲೋಮೀಟರ್ ದಾಟುವಂತಿರಲಿಲ್ಲವಲ್ಲ, ಡಬ್ಲಿನ್‌ಗೂ ಹೋಗಲಾಗದೆ ವರ್ಷದ ಹಬ್ಬಗಳನ್ನೆಲ್ಲ ಒಬ್ಬರೇ ಮಾಡಿಕೊಂಡರು. ನಾನು ಅಂಗಡಿಯಿಂದ ಸಾಮಾನು ತಂದು ಅವರ ಬಾಗಿಲಲ್ಲಿಡುತ್ತಿದ್ದೆ. ಅದಕ್ಕೆ ಪ್ರತಿಯಾಗಿ ಬೇಲಿಯ ಹತ್ತಿರ ನನಗೆ ಹಬ್ಬಕ್ಕೊಂದು ಪಾಠ.

ಶುಕ್ರವಾರ ಸೂರ್ಯ ಮುಳುಗುವ ಮುಂಚೆ ಕಿಟಕಿಯಲ್ಲಿ ಎರಡು ಮೇಣದ ಬತ್ತಿ ಹಚ್ಚಿದರೆ ಮರುದಿನ ಕತ್ತಲಾಗುವವರೆಗೆ ಅವರು ಫೋನು ಮುಟ್ಟುವುದಿಲ್ಲ. ತಾನು ಕೈಹಾಕದಿದ್ದರೂ ಪ್ರಪಂಚ ಒಂದು ದಿನ ನಡೆಯುತ್ತದೆ ಅಂತ ವಾರಕ್ಕೊಮ್ಮೆ ನೋಡಿಕೊಳ್ಳುವುದು ಮೈಗೆ ಒಳ್ಳೆಯದಂತೆ. ವಸಂತದ ಹಬ್ಬದಿಂದ ನಲವತ್ತೊಂಬತ್ತು ದಿನ, ದಿನಕ್ಕೊಂದರಂತೆ ಮಂತ್ರ ಹೇಳಿ ಎಣಿಸುತ್ತಾರೆ. ನಡುವೆ ಒಂದು ದಿನ ಪೂರ್ತಿ ಮರೆತರೆ ಆಮೇಲೆ ಮಂತ್ರ ಹೇಳುವಂತಿಲ್ಲ, ಆದರೆ ಎಣಿಸುವುದನ್ನು ನಿಲ್ಲಿಸುವಂತೆಯೂ ಇಲ್ಲ. ಹೆದರಬೇಡ, ನಾನೇನೂ ಮತ ಬದಲಾಯಿಸಿಲ್ಲ. ನನಗೆ ಆ ದಿನಗಳಲ್ಲಿ ಯಾರಾದರೂ ಏನನ್ನಾದರೂ ಹೇಳುತ್ತಿದ್ದರೆ ಸಾಕಾಗಿತ್ತು.

ಅಮ್ಮ ಹೋದ ಮಾರನೆಯ ದಿನ ಎಸ್ಟೆಲ್ ಒಂದು ಪಾತ್ರೆ ಹಿಡಿದು ಬಂದರು. ಆಗ ಮನೆಯೊಳಗೆ ಯಾರನ್ನೂ ಕರೆಯುವಂತಿರಲಿಲ್ಲ. ಅವರೇ ತಂದ ಪ್ಲಾಸ್ಟಿಕ್ ಕುರ್ಚಿಯನ್ನು ನಮ್ಮ ಕಾರಿನ ಪಕ್ಕ ಹಾಕಿಕೊಂಡು ಕೂತರು. ನಾನು ಹೊಸ್ತಿಲ ಮೇಲೆ ಕೂತೆ. ಸಂತಾಪವಿಲ್ಲ, ನಮಸ್ಕಾರವಿಲ್ಲ, ಒಂದು ಮಾತೂ ಇಲ್ಲ. ಜಿನುಗು ಮಳೆ ಶುರುವಾಯಿತು, ಕೊಡೆ ಬಿಚ್ಚಿದರು, ಮತ್ತೆ ಸುಮ್ಮನಾದರು. ಮುಕ್ಕಾಲು ಗಂಟೆ ಆಗಿರಬೇಕು. ಕೊನೆಗೆ ನಾನೇ ಬಾಯಿಬಿಟ್ಟೆ. ಏನು ಕೇಳಿದೆ ಗೊತ್ತಾ? ಇದರಲ್ಲಿ ಈರುಳ್ಳಿ ಇದೆಯಾ ಅಂತ. ಅಮ್ಮನ ಸಾವಿನ ಬಗ್ಗೆ ನಿನ್ನ ಅಕ್ಕನ ಮೊದಲ ಮಾತು ಅದು.

ಇತ್ತು. ಈರುಳ್ಳಿ ಹಾಕಿದ ಚನ್ನಂಗಿ ಬೇಳೆಯ ಸಾರು. ಸೂತಕದ ಮನೆಗೆ! ಅಮ್ಮ ಇದ್ದಿದ್ದರೆ ಪಾತ್ರೆಯನ್ನೇ ಒಳಗೆ ಬಿಡುತ್ತಿರಲಿಲ್ಲ. ಅವರ ಪದ್ಧತಿಯಲ್ಲಿ ಸಾವಾದ ಮನೆಯವರು ಮಾತಾಡುವ ತನಕ ನೋಡಲು ಬಂದವರು ಮಾತಾಡಬಾರದಂತೆ, ಅದಕ್ಕೇ ಕಾದರು. ಸಾರೂ ಪದ್ಧತಿಯೇ. ಬೇರೆ ಕಾಳುಗಳಿಗೆ ಬಾಯಿಯ ಹಾಗೆ ಒಂದು ಸೀಳಿರುತ್ತದೆ, ಇದಕ್ಕಿಲ್ಲ. ದುಃಖದಲ್ಲಿರುವವರಿಗೂ ಬಾಯಿಲ್ಲ, ಅದಕ್ಕೇ ಅವರಿಗೆ ಈ ಬೇಳೆ ಎಂದರು. ನಾನು ಪೂರ್ತಿ ತಿಂದೆ. ರುಚಿ ಏನೂ ಗೊತ್ತಾಗಲಿಲ್ಲ.

ಈಗ ಹದಿಮೂರನೆಯ ದಿನಕ್ಕೆ ಬಾ. ವೈಕುಂಠ ಸಮಾರಾಧನೆ, ಜೂಮಿನಲ್ಲಿ. ನೀನು ಮಾಸ್ಕು ಹಾಕಿಕೊಂಡು ಅಮ್ಮನ ಫೋಟೋದ ಪಕ್ಕ ಕೂತಿದ್ದೆ. ನಲವತ್ತು ಜನ ನಂಟರು ಪುಟ್ಟ ಪುಟ್ಟ ಚೌಕದಲ್ಲಿದ್ದರು. ವಿಶ್ವೇಶ್ವರ ಮಾವ ತಮ್ಮ ಅಕ್ಕನ ಬಗ್ಗೆ ನಾಲ್ಕು ಮಾತಾಡುತ್ತೇನೆ ಎಂದು ಶುರು ಮಾಡಿ, ಐದನೆಯದನ್ನೂ ಆಡಿದರು. “ಡಾಕ್ಟರ್ ಮಗಳು ದೂರ ಇದ್ಲು. ಹತ್ರ ಇದ್ದವಳಿಗೆ ಗಮನ ಇರ್ಲಿಲ್ಲ. ಶನಿವಾರನೇ ಬೆಡ್ ಸಿಕ್ಕಿತ್ತಂತೆ, ಪುಟ್ಟಣ್ಣ ಆಟೋ ತಂದು ಬಾಗ್ಲಲ್ಲಿ ನಿಲ್ಸಿದ್ನಂತೆ, ಇವ್ಳೇ ಬೇಡ ಅಂದ್ಲಂತೆ.” ನೀನು ತಲೆ ಎತ್ತಿದೆ. ಮಾವನ ಕಡೆ ನೋಡಲಿಲ್ಲ, ಕ್ಯಾಮೆರಾ ನೋಡಿದೆ. ಆಮೇಲೆ ದೀಪದ ಬತ್ತಿ ಸರಿಮಾಡಿದೆ.

ನನ್ನ ಮೈಕು ಮ್ಯೂಟ್‌ನಲ್ಲಿತ್ತು. ತೆಗೆಯಲು ಒಂದು ಬೆರಳು ಸಾಕಿತ್ತು. ದುಃಖದಲ್ಲಿರುವವರಿಗೆ ಬಾಯಿಲ್ಲ ಎಂದು ಎಸ್ಟೆಲ್ ಹೇಳಿದ್ದು ಆಗ ನೆನಪಾಯಿತು. ಎಷ್ಟು ಅನುಕೂಲಕ್ಕೆ ನೆನಪಾಯಿತು ನೋಡು. ಅವತ್ತಿನಿಂದ ಆ ಮಾತಿನ ಹಿಂದೆಯೇ ಅಡಗಿ ಕೂತಿದ್ದೇನೆ. ಮಾವ ನಿನ್ನ ಹತ್ತಿರ ಮಾತು ಬಿಟ್ಟಿದ್ದು ಗೊತ್ತಿತ್ತು. ಅಮ್ಮನ ವರ್ಷಾಬ್ದಿಕ ಅವರ ಮನೆಯಲ್ಲೇ ಆಗಲಿ, ನಿನ್ನನ್ನು ಕರೆಯುವ ಅಗತ್ಯವಿಲ್ಲ ಎಂದು ಅವರು ನನಗೆ ಫೋನಿನಲ್ಲಿ ಹೇಳಿದಾಗ ನಾನು “ಹಾಗೇ ಮಾಡಿ ಮಾವ” ಅಂದೆ. ಅಮ್ಮನನ್ನು ಆಸ್ಪತ್ರೆಗೆ ಸೇರಿಸುವವರೆಗೂ ಜೊತೆಗಿದ್ದು ನೋಡಿಕೊಂಡವಳು ನೀನು, ನಿನ್ನನ್ನೇ ಅಮ್ಮನ ಶ್ರಾದ್ಧದಿಂದ ಹೊರಗಿಡಲು ನಾನು ಒಪ್ಪಿದೆ. ಹಾಗೆ ಹೇಳುವಾಗಲೂ ನನಗೆ ಏನೂ ಅನ್ನಿಸಲಿಲ್ಲ.

ಕಳೆದ ಗುರುವಾರ ಗೌರಿ ಹಬ್ಬ. ನಮಗೆ ಈ ವರ್ಷ ಹಬ್ಬವಿಲ್ಲ, ಎಸ್ಟೆಲ್‌ಗೆ ಅವರ ಹೊಸ ವರ್ಷ ಹಿಂದಿನ ದಿನ ತಾನೆ ಮುಗಿದಿತ್ತು. ಒಂದು ಚೀಟಿ ಹಿಡಿದು ನಮ್ಮ ಬಾಗಿಲಿಗೆ ಬಂದರು. ಹೊಸ ವರ್ಷದಿಂದ ಹತ್ತನೆಯ ದಿನ ಯೋಮ್ ಕಿಪ್ಪೂರ್ ಅಂತ ಅವರ ದೊಡ್ಡ ಉಪವಾಸ, ದೇವರಲ್ಲಿ ಕ್ಷಮೆ ಕೇಳುವ ದಿನ. ಆದರೆ ಮನುಷ್ಯರಿಗೆ ಮಾಡಿದ ತಪ್ಪನ್ನು ಆ ದಿನ ದೇವರೂ ಕ್ಷಮಿಸುವುದಿಲ್ಲವಂತೆ, ಮೊದಲು ಆ ಮನುಷ್ಯರ ಹತ್ತಿರವೇ ಹೋಗಿ ಕೇಳಬೇಕು. ಚೀಟಿಯಲ್ಲಿ ನನ್ನ ಹೆಸರಿತ್ತು. ನಾವು ಈ ಮನೆಗೆ ಬಂದ ಹೊಸದರಲ್ಲಿ ಅದಿತಿಗೆ ದೃಷ್ಟಿ ತೆಗೆದು ಹಿತ್ತಲಲ್ಲಿ ಮೆಣಸಿನಕಾಯಿ ಸುಟ್ಟಿದ್ದೆನಲ್ಲ, ಬೀದಿಯವರೆಲ್ಲ ಕೆಮ್ಮಿ, ಮನೆಯ ಮಾಲೀಕರಿಗೆ ಯಾರೋ ದೂರು ಬರೆದು ದೊಡ್ಡ ರಂಪವಾಗಿತ್ತಲ್ಲ, ಬರೆದವರು ಎಸ್ಟೆಲ್ ಅಂತೆ! ನಾನು ಮೂರು ವರ್ಷದಿಂದ ಎದುರು ಮನೆಯವರನ್ನು ಬೈದುಕೊಳ್ಳುತ್ತಿದ್ದೆ.

ನನಗೆ ನಗು ಬರುವ ಹಾಗಾಯಿತು. ಗ್ರ್ಯಾಂಡ್, ಗ್ರ್ಯಾಂಡ್, ಬಿಡಿ ಎಂದೆ. ಅವರು ಹೋಗಲಿಲ್ಲ. ಗ್ರ್ಯಾಂಡ್ ಬೇಡ, ಹಾಗಂದರೆ ನಾನು ಕೇಳಿದ್ದು ನಿನ್ನ ಕಿವಿಗೆ ಬೀಳಲಿಲ್ಲ ಅಂತ ಅರ್ಥ, ಹೌದು ಅನ್ನು ಇಲ್ಲ ಅನ್ನು, ಎರಡಕ್ಕೂ ತಯಾರಾಗಿ ಬಂದಿದ್ದೇನೆ ಎಂದರು. ಮಾಡಿದ್ದನ್ನು ಹೆಸರಿಟ್ಟು ಹೇಳಬೇಕಂತೆ, ಯಾರ ಮುಂದೆ ಮರ್ಯಾದೆ ಕಳೆದಿದ್ದೆವೋ ಅವರ ಮುಂದೆಯೇ ಸರಿಪಡಿಸಬೇಕಂತೆ. ಮಾಲೀಕರಿಗೆ ಆಗಲೇ ಬರೆದು ಬಂದಿದ್ದರು. ಒಪ್ಪದಿದ್ದರೆ ಮೂರು ಸಲ ಕೇಳಬೇಕು. ನಾನು ಹೌದು ಎಂದೆ. ಆಮೇಲೆ, ಸತ್ತವರಿಗೆ ತಪ್ಪು ಮಾಡಿದ್ದರೆ ಏನು ಮಾಡುತ್ತಾರೆ ಎಂದು ಕೇಳಿದೆ.

ಹೊಸ್ತಿಲಲ್ಲಿ ನಿಂತೇ ಅವರಿಗೆ ಎಲ್ಲ ಹೇಳಿದೆ. ನಿನ್ನ ತಪ್ಪಲ್ಲ ಅಂತ ಸಮಾಧಾನ ಮಾಡುತ್ತಾರೆ ಅಂದುಕೊಂಡಿದ್ದೆ. ಮಾಡಲಿಲ್ಲ. ನಿನ್ನ ತಂಗಿ ಬದುಕಿದ್ದಾಳೆ ತಾನೇ ಎಂದು ಕೇಳಿದರು, ಅಷ್ಟೇ.

ಆದ್ದರಿಂದ ಹೆಸರಿಟ್ಟು ಬರೆಯುತ್ತಿದ್ದೇನೆ. ಮೇ ಒಂದನೆಯ ತಾರೀಕು ಶನಿವಾರ ಬೆಳಿಗ್ಗೆ ಅಮ್ಮನ ಆಕ್ಸಿಜನ್ ತೊಂಬತ್ತೊಂದು ಇತ್ತು. ನೀನು “ಅಕ್ಕ, ಬೆಡ್ ಇದೆಯಂತೆ, ಪುಟ್ಟಣ್ಣ ಬಂದಿದಾನೆ, ಕರ್ಕೊಂಡ್ ಹೋಗ್ಬಿಡ್ಲಾ?” ಎಂದು ಕೇಳಿದೆ. ನಾನು ಬೇಡ ಎಂದೆ. ಸೋಮವಾರದವರೆಗೆ ನೋಡೋಣ, ಬೋರಲು ಮಲಗಿಸು ಎಂದೆ. ನೀನು ಎರಡನೆಯ ಸಲ ಕೇಳಿದಾಗ, ಡಾಕ್ಟರು ನೀನಾ ನಾನಾ ಎಂದು ರೇಗಿದೆ. ಆದರೆ ಆ ಮಾತು ಆಡಿದವಳು ಡಾಕ್ಟರಲ್ಲ ಚಿತ್ರಾ. ತೊಂಬತ್ತೊಂದು ಎಂದು ಬೇರೆ ಯಾರಾದರೂ ಹೇಳಿದ್ದರೆ ತಕ್ಷಣ ಹೊರಡಿ ಅನ್ನುತ್ತಿದ್ದೆ. ಆ ವಾರ ನನ್ನ ವಾರ್ಡಿನಲ್ಲಿ ಸಾಯುತ್ತಿದ್ದ ಐದು ಜನರಿಗೆ ನಾನೇ ಟ್ಯಾಬ್ಲೆಟ್ ಹಿಡಿದು ಮನೆಯವರ ಮುಖ ತೋರಿಸಿದ್ದೆ. ಅಮ್ಮ ಹಾಗೆ ಒಬ್ಬಳೇ ಹೋಗುವುದು ಬೇಡ ಅನ್ನಿಸಿತು. ಭಾನುವಾರ ನೀನು ಮತ್ತೆ ಫೋನು ಮಾಡಿದಾಗ ನಾನು ಡ್ಯೂಟಿಯಲ್ಲಿದ್ದೆ. ಸೋಮವಾರ ಬೆಡ್ ಇರಲಿಲ್ಲ. ಮಂಗಳವಾರ ಸಿಕ್ಕಿತು. ಬುಧವಾರ ಅಮ್ಮ ಒಬ್ಬಳೇ ಹೋದಳು.

ಶನಿವಾರವೇ ಸೇರಿಸಿದ್ದರೆ ಉಳಿಯುತ್ತಿದ್ದಳೋ ಏನೋ, ಡಾಕ್ಟರಾಗಿ ನನಗೆ ಗೊತ್ತಿಲ್ಲ. ಆದರೆ ಬೇಡ ಎಂದವಳು ನಾನು. ನೀನೆಂದು ಎಲ್ಲರೂ ತಿಳಿಯಲು ಬಿಟ್ಟವಳೂ ನಾನು. ನೀನು ಒಬ್ಬರಿಗೂ ನನ್ನ ಹೆಸರು ಹೇಳಲಿಲ್ಲ.

ಮಾವನಿಗೆ ನಿನ್ನೆ ಫೋನು ಮಾಡಿ ಇಷ್ಟನ್ನೂ ಹೇಳಿದೆ. ಅವರು “ಇರ್ಲಿ ಕಣಮ್ಮ ಕಾತ್ಯಾಯಿನಿ, ಅಷ್ಟು ದೂರದಲ್ಲಿದ್ದೆ, ನಿಂಗೇನ್ ಗೊತ್ತಾಗತ್ತೆ ಪಾಪ” ಎಂದರು. ಒಂದು ನಿಮಿಷವೂ ಹಿಡಿಯಲಿಲ್ಲ. ಅದೇ ತಪ್ಪಿಗೆ ನಿನ್ನನ್ನು ನಾಲ್ಕು ತಿಂಗಳು ದೂರವಿಟ್ಟರು. ನನಗೆ ಇಷ್ಟು ದಿನದಲ್ಲಿ ಮೊದಲ ಸಲ ಏನೋ ಅನ್ನಿಸಿತು, ಸಿಟ್ಟು ಅಂತ ಕಾಣುತ್ತದೆ. ಇರಲಿ ಅನ್ನಬೇಡಿ ಮಾವ, ಚಿತ್ರಾಳ ಮನೆಗೆ ಹೋಗಿ ನೀವು ಕೇಳಬೇಕು, ವರ್ಷಾಬ್ದಿಕ ಅವಳ ಮನೆಯಲ್ಲೇ ಆಗಬೇಕು ಎಂದೆ. ನೋಡೋಣ ಎಂದು ಫೋನಿಟ್ಟರು. ಆಮೇಲೆ ನಂಟರ ಗ್ರೂಪಿನಲ್ಲೂ ಬರೆದು ಹಾಕಿದೆ, ನೀನು ಆಗಲೇ ಓದಿರುತ್ತೀ. ಅಲ್ಲಿ ಒಬ್ಬರು ಕೈಮುಗಿದ ಚಿತ್ರ ಹಾಕಿದ್ದಾರೆ, ಅಷ್ಟೇ.

ಈ ಕಾಗದ ನಿನಗೆ ಸಿಗುವ ಹೊತ್ತಿಗೆ ಎಸ್ಟೆಲ್‌ಗೆ ಇನ್ನೊಂದು ಹಬ್ಬ. ಹಿತ್ತಲಲ್ಲಿ ಗುಡಿಸಲು ಹಾಕಿ ಏಳು ದಿನ ಅಲ್ಲೇ ಊಟ ಮಾಡಬೇಕು. ಸೊಪ್ಪಿನ ಚಾವಣಿ, ನಡುವೆ ಸಂದಿ ಬಿಟ್ಟು ನಕ್ಷತ್ರ ಕಾಣಬೇಕಂತೆ. ಲಿಮೆರಿಕ್‌ನಲ್ಲಿ ಎಲ್ಲಿಯ ನಕ್ಷತ್ರ, ಸಾರಿನ ಬಟ್ಟಲಿಗೆ ನೀರು ಬೀಳುತ್ತದೆ ಎಂದು ಹೇಮಚಂದ್ರ ಗೊಣಗುತ್ತಲೇ ಕೋಲು ಕಟ್ಟಿಕೊಡಲು ಒಪ್ಪಿದ್ದಾರೆ. ಅಮ್ಮನ ಚಕ್ಕುಲಿ ಕೊಡಲು ಆಗಲೇ ಇಲ್ಲ. ಈ ಸಲ ಮಾಡಿ ಕೊಡುತ್ತೇನೆ.

ನಮ್ಮಲ್ಲಿ ಅಕ್ಕಂದಿರು ತಂಗಿಯರ ಕ್ಷಮೆ ಕೇಳುವ ಪದ್ಧತಿಯಿಲ್ಲ. ನಾನು ಕೇಳುತ್ತಿದ್ದೇನೆ, ಇದು ಮೂರನೆಯ ಸಲ. ಕ್ಷಮಿಸುತ್ತೀಯಾ? ಹೌದು ಅನ್ನು, ಇಲ್ಲ ಅನ್ನು. ಇಲ್ಲ ಎಂದರೂ ನಾನು ಪ್ರತಿ ಭಾನುವಾರ ಫೋನು ಮಾಡುತ್ತೇನೆ, ಎತ್ತುವುದು ಬಿಡುವುದು ನಿನಗೆ ಸೇರಿದ್ದು.

ನಮಸ್ಕಾರಗಳೊಂದಿಗೆ,
ಕಾತ್ಯಾಯಿನಿ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಆ ಭಾನುವಾರ ನನಗೆ ಡ್ಯೂಟಿ ಇರಲಿಲ್ಲ. ಮಧ್ಯಾಹ್ನ, ಅಪರೂಪಕ್ಕೆ ಬಿಸಿಲಿತ್ತು, ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ನಿನ್ನ ಹೆಸರು ಮೂರು ಸಲ ಬಂತು, ಮೂರು ಸಲವೂ ನೋಡಿದೆ. ಎತ್ತಿದರೆ ಹೋಗ್ಲಾ ಅಂತ ಕೇಳುತ್ತೀ, ಹೂಂ ಅನ್ನಬೇಕಾಗುತ್ತದೆ, ನಿನ್ನೆ ಹೇಳಿದ್ದು ತಪ್ಪು ಅಂತ ಒಪ್ಪಿದ ಹಾಗಾಗುತ್ತದೆ ಎಂದು ಗೊತ್ತಿತ್ತು. ಫೋನನ್ನು ಮಗುಚಿಟ್ಟು ಉಳಿದ ಬಟ್ಟೆ ಹರವಿದೆ. ಇದನ್ನು ಎಸ್ಟೆಲ್‌ಗೂ ಹೇಳಿಲ್ಲ, ಮಾವನಿಗೂ ಹೇಳಿಲ್ಲ. ಹೌದು ಅನ್ನುವ ಮುಂಚೆ ಇದನ್ನೂ ಓದು. ಇದಕ್ಕೆ ಮಾತ್ರ ಇರ್ಲಿ ಬಿಡು ಅನ್ನಬೇಡ.