ಇನ್ನೊಂದು ಚಳಿಗಾಲದ ಹಕ್ಕಿ ಎಣಿಕೆ

ಮಾರ್ಚ್ ೯, ಮಧ್ಯಾಹ್ನ

ಚಿರಂಜೀವಿ ಹಕ್ಕಿಮರಿಗೆ ದೊಡ್ಡಮ್ಮನ ತುಂಬು ಮನಸ್ಸಿನ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ದಿನಾ ಏನಾದರೊಂದು ದೂರು ಹೇಳುತ್ತದೆ, ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಗದ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದ್ದೆ, ನೀನು ಎತ್ತಲಿಲ್ಲ. ಯಾವುದೋ ಬೆಟ್ಟದ ತುದಿಯಲ್ಲಿದ್ದೀಯೇನೋ, ಸಿಗ್ನಲ್ ಇರಲಿಕ್ಕಿಲ್ಲ ಅಂದುಕೊಂಡೆ. ಫೋನಿನಲ್ಲಿ ನನಗೆ ಮಾತೂ ತೊಡರುತ್ತದೆ. ಕಾಗದವಾದರೆ ನಡುವೆ ಯಾರೂ ಬಾಯಿ ಹಾಕುವುದಿಲ್ಲ ಅಂತ ಬರೆಯಲು ಕೂತೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ಗಾಳಿಯಂತ್ರದ ಕಂಪನಿಗೆ ಇನ್ನೂ ಅನುಮತಿ ಸಿಕ್ಕಿಲ್ಲ. ಇನ್ನೊಂದು ಚಳಿಗಾಲ ಹಕ್ಕಿ ಎಣಿಸಿ, ಆಮೇಲೆ ನೋಡೋಣ ಅಂತ ಪರಿಸರ ಇಲಾಖೆಯಿಂದ ಈ ಚಳಿಗಾಲಕ್ಕೆ ಮುಂಚೆಯೇ ಆದೇಶ ಬಂದಿತ್ತು. ಅದು ಆದದ್ದು ನನ್ನಿಂದ. ಯಾಕೆ ಹಾಗೆ ಮಾಡಿದೆ ಅಂತ ಕೇಳುತ್ತೀಯ, ಮುಚ್ಚಿಡುವುದೇಕೆ? ನೀನು ಮತ್ತೆ ಈ ಮನೆಗೆ ಬರಲಿ ಅಂತ ಮಾಡಿದೆ.

ಕಂಪನಿಯ ಜೀಪಿನವನು ನಿನ್ನನ್ನು ಬಿಟ್ಟು ಹೋದ ದಿನ, "ಒಂದು ವರ್ಷಕ್ಕೆ ಇವರಿಗೆ ಕೋಣೆ ಬೇಕಮ್ಮಾ. ಬೆಟ್ಟದ ಮೇಲೆ ಹಕ್ಕಿ ಎಣಿಸ್ತಾರೆ. ಎಣಿಸಿ ವರದಿ ಕೊಟ್ರೆನೇ ಗಾಳಿಯಂತ್ರ ನೆಡೋಕೆ ಅನುಮತಿ" ಅಂದಾಗ ನಾನು ನಕ್ಕಿದ್ದೆ. ಓದಿದ ಹುಡುಗಿಗೆ ಎಂಥಾ ಕೆಲಸ ಅಂತ. ನೀನು ಹೊರಟು ಹೋದ ಮೇಲೆ ಆ ಕೋಣೆಯ ಬಾಗಿಲು ತೆಗೆಯುವುದಕ್ಕೂ ಮನಸ್ಸಾಗಲಿಲ್ಲ. ನಿನ್ನ ದೊಡ್ಡಪ್ಪ ಹೋದಾಗ ಜನ ಬಂದರು, ಅತ್ತರು, ಸಮಾಧಾನ ಹೇಳಿದರು. ನೀನು ಹೋದದ್ದಕ್ಕೆ ಯಾರು ಸಮಾಧಾನ ಹೇಳುತ್ತಾರೆ? ಬಾಡಿಗೆಗಿದ್ದ ಹುಡುಗಿ ಹೋದಳು, ಅಷ್ಟೆ.

ಅಹವಾಲು ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ ನಡೆಯಿತು. ಇಲಾಖೆಯ ಅಧಿಕಾರಿ ಹೆಂಗಸು, ಪಾಪ, ನೆಗಡಿಯಾಗಿ ಮಾತಿಗೊಮ್ಮೆ ಮೂಗು ಒರೆಸಿಕೊಳ್ಳುತ್ತಿದ್ದರು. ಕಂಪನಿ ವಕೀಲರು ನಿನ್ನ ವರದಿಯನ್ನು ಎತ್ತಿ ತೋರಿಸಿ, ಯಂತ್ರದ ರೆಕ್ಕೆ ತಿರುಗುವ ಎತ್ತರದಲ್ಲಿ ಯಾವ ಹಕ್ಕಿ ಹಾರುತ್ತದೆ ಅಂತ ಕಾನೂನು ಕೇಳುತ್ತದೆ, ನಾವು ವರ್ಷಪೂರ್ತಿ ನೋಡಿಸಿದ್ದೇವೆ ಅಂದರು. ಮುಂದಿನ ಬೆಂಚಿನಲ್ಲಿ ನನ್ನ ಮೈದುನ ಹೌದು ಹೌದು ಅಂತ ತಲೆಯಾಡಿಸುತ್ತಿದ್ದ. ಅವನ ಇಳಿಜಾರಿನ ಜಮೀನಿನಲ್ಲಿ ಒಂದು ಯಂತ್ರ ನೆಟ್ಟರೆ ಬಾಡಿಗೆ ಬರುತ್ತದಲ್ಲ.

ಯಾರಾದರೂ ಏನಾದರೂ ಹೇಳುವುದಿದೆಯೇ ಅಂತ ಅಧಿಕಾರಿ ಕೇಳಿದರು. ದೇವರನ್ನು ನೆನೆದು ಎದ್ದು ನಿಂತೆ.

"ಎಣಿಸಿದ ಹುಡುಗಿ ನಮ್ಮನೇಲೇ ಇದ್ದಳು ಮೇಡಂ. ಆ ಚಳಿಗಾಲ ಪೂರ್ತಿ ಮಂಜು. ಬಂಡೆ ಮೇಲೆ ಕೂತು ನೋಡಿದ್ರೆ ದುರ್ಬೀನಿನ ತುಂಬಾ ಮಂಜೇ. ದೂರದಿಂದ ಆ ದೊಡ್ಡ ಹಕ್ಕಿ ಬರೋದೇ ಆವಾಗ."

"ಯಾವ ಹಕ್ಕಿ ಅಮ್ಮಾ?"

ನೀನು ನೂರು ಸಲ ಹೇಳಿಕೊಟ್ಟ ಹೆಸರು. ಬಾಯಿಗೇ ಬರಲಿಲ್ಲ. "ಅದೇ... ಕತ್ತು ಬೋಳು, ಮೈಮೇಲೆ ಕಂಬಳಿ ಹೊದ್ಕೊಂಡ ಹಾಗಿರುತ್ತೆ" ಅಂದೆ. ಕೋಣೆಗೆ ಕೋಣೆಯೇ ನಕ್ಕಿತು. ಹಿಂದಿನಿಂದ ಯಾರೋ, "ಅದು ಹಕ್ಕಿಯಲ್ಲ, ನಮ್ಮ ಮೇಷ್ಟ್ರು!" ಅಂದರು. ವಕೀಲರು ಒಳ್ಳೆಯವರು, ನಗಲಿಲ್ಲ. ಮಂಜಿನ ದಿನಗಳ ವಿಷಯ ವರದಿಯಲ್ಲೇ ಇದೆ ಅಂತ ಆ ಪುಟ ತೆಗೆದು ಅಧಿಕಾರಿಗೆ ಕೊಟ್ಟರು. ಅವರು ಓದುತ್ತ ಓದುತ್ತ ಮೂಗು ಒರೆಸುವುದನ್ನೂ ಮರೆತರು.

"ಹಾಗಾದ್ರೆ ಏನು ಮಾಡಬೇಕು ಅಂತೀರಮ್ಮಾ?"

"ಇನ್ನೊಂದು ಚಳಿಗಾಲ ಅವಳನ್ನೇ ಕಳಿಸಿ."

ಅಧಿಕಾರಿ ಬರೆದುಕೊಂಡರು. ಇನ್ನೊಂದು ಚಳಿಗಾಲ ಅನ್ನುವುದನ್ನು ಮಾತ್ರ ಬರೆದುಕೊಂಡರು ಅಂತ ನನಗೇನು ಗೊತ್ತು? ಆದೇಶ ಬಂದಾಗ ಅದರಲ್ಲಿ ನಿನ್ನ ಸುದ್ದಿಯೇ ಇಲ್ಲ, "ಅರ್ಹ ತಜ್ಞರಿಂದ" ಅಂತಿತ್ತು. ನಿನಗಿಂತ ಅರ್ಹರು ಯಾರು ಅಂದುಕೊಂಡು ನಾನು ಕೋಣೆಗೆ ಸುಣ್ಣ ಹೊಡೆಸಿದೆ. ಕಿಟಕಿಯ ಮುರಿದ ಚಿಲಕ ಸರಿಮಾಡಿಸಿದೆ.

ಮೈದುನ ಗೇಟಿನ ಹೊರಗೇ ನಿಂತು ಕೂಗಾಡಿದ. "ಅತ್ತಿಗೆ, ಕೋಳಿ ಬಂದು ಅಂಗಳ ಕೆದಕಿದ್ರೆ ಪೊರಕೆ ಎಸೆಯೋರು ನೀವು! ಯಾವಾಗಿಂದ ಶುರುವಾಯ್ತು ಹಕ್ಕಿ ಮೇಲೆ ಪ್ರೀತಿ?"

"ಒಳಗೆ ಬಾರಪ್ಪಾ, ಕೂತ್ಕೊಂಡು ಬೈ."

"ನಿಮ್ಮನೆ ನೀರೂ ಬೇಡ ನನಗೆ."

ಅವನು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಕೋಳಿ ಕಂಡರೆ ನನಗೆ ಆಗುವುದಿಲ್ಲ. ಅಂದಿನಿಂದ ವಾರಗಿತ್ತಿ ಹಾಲು ಕಳಿಸುವುದನ್ನು ನಿಲ್ಲಿಸಿದಳು. ದಾರಿಯಲ್ಲಿ ಎದುರಾದರೆ ಇಬ್ಬರೂ ನನ್ನನ್ನು ದಾಟಿ ಹಿಂದಿರುವ ಮರವನ್ನು ನೋಡುತ್ತಾರೆ. ಎರಡು ಮಾತಾಡಲು ಇದ್ದ ಒಂದು ಮನೆಯೂ ಹೋಯಿತು.

ನಾನು ಯಂತ್ರಕ್ಕೆ ಎದುರಲ್ಲ ಮಗಳೇ. ಗಾಳಿ ದೇವರದು, ಬೆಳಕು ಎಲ್ಲರಿಗೂ ಬೇಕು. ದಿನವೆಲ್ಲ ಗುಂಯ್ ಅನ್ನುತ್ತದೆ ಅಂತ ಜನ ಹೆದರಿಸುತ್ತಾರೆ. ಈ ಮನೆಯಲ್ಲಿ ಏನೋ ಒಂದು ಸದ್ದಿದ್ದರೆ ನನಗೇನು ಕಷ್ಟ? ಪ್ರಾರ್ಥನೆಗೆ ಕೂತಾಗ ಮಾತ್ರ ಒಂದು ಪ್ರಶ್ನೆ ಕೇಳುತ್ತೇನೆ. ದೇವರೇ, ನನ್ನೊಬ್ಬಳ ಆಸೆಗೆ ಇಷ್ಟು ಜನರ ಕೆಲಸ ತಡೆದೆನಲ್ಲ, ತಪ್ಪಾಯಿತೇ ಅಂತ. ಹಕ್ಕಿಗೂ ಒಳ್ಳೆಯದಾಯಿತಲ್ಲ ಅಂತ ನಾನೇ ಅವನ ಪರವಾಗಿ ಉತ್ತರ ಕೊಟ್ಟುಕೊಳ್ಳುತ್ತೇನೆ.

ಮಂಜು ಶುರುವಾದಾಗ ಬೆಟ್ಟಕ್ಕೆ ಜೀಪು ಹತ್ತುವ ಸದ್ದಾಯಿತು. ತಲೆ ಬಾಚಿಕೊಂಡು, ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಹತ್ತಿದೆ. ದಾರಿಯುದ್ದಕ್ಕೂ ಏನು ಮಾತಾಡಬೇಕು ಅಂತ ಜೋಡಿಸಿಕೊಂಡೆ. ನಿನ್ನ ಬಂಡೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಗಂಡಸು ಕೂತಿದ್ದ. ಹಕ್ಕಿಯ ಜೊತೆ ಬಾವಲಿಯನ್ನೂ ಎಣಿಸುತ್ತಾನಂತೆ, ಅವುಗಳ ಕೂಗನ್ನು ಹಿಡಿಯುವ ಡಬ್ಬಿಗಳನ್ನು ಕೋಲಿಗೆ ಕಟ್ಟುತ್ತಿದ್ದ. ಪಟ್ಟಣದ ಲಾಡ್ಜಿನಲ್ಲಿ ಉಳಿದುಕೊಂಡಿದ್ದಾನಂತೆ. ಚಹಾ ಕುಡಿದು ಚೆನ್ನಾಗಿದೆ ಅಂದ. ನಾನು ಕೋಣೆಯ ಮಾತೆತ್ತಲಿಲ್ಲ. ಚಳಿಗಾಲ ಮುಗಿಯುತ್ತ ಬಂತು, ಅವನೂ ಇಷ್ಟರಲ್ಲೇ ಹೊರಡುತ್ತಾನೆ.

ನಿನಗೆ ಮಂಜಿನಲ್ಲಿ ಹಕ್ಕಿ ಕಾಣಲಿಲ್ಲ ಅಂತ ಅಷ್ಟು ಜನರ ಎದುರು ಹೇಳಿದೆನಲ್ಲ, ಅದು ನಿನ್ನ ಕಿವಿಗೆ ಬಿದ್ದು ಸಿಟ್ಟು ಬಂದಿರಬೇಕು ಅಂತ ಬಹಳ ದಿನ ಅಂದುಕೊಂಡೆ. ನಿನ್ನ ಕೆಲಸವನ್ನು ನಾನು ಹಳಿಯಲಿಲ್ಲ ಕಂದಾ. ಕೈ ಚಾಚಿ, ಹೆಬ್ಬೆರಳು ಎತ್ತಿ, ಒಂದು ಕಣ್ಣು ಮುಚ್ಚಿ ನೀನು ಹಕ್ಕಿಯ ಎತ್ತರ ಅಳೆಯುತ್ತಿದ್ದುದನ್ನು ನೋಡಿದವಳು ನಾನು. ಮೊನ್ನೆ ಕಾಗೆಗೆ ಹಾಗೆ ಮಾಡಿ ನೋಡಿದೆ. ಕಾಗೆ ಹಾರಿ ಹೋಯಿತು, ನನ್ನ ಹೆಬ್ಬೆರಳೊಂದೇ ಉಳಿಯಿತು.

ಸ್ವೆಟರ್ ಹಾಕಿಕೊ. ಒದ್ದೆ ಕಾಲುಚೀಲದಲ್ಲಿ ಇರಬೇಡ. ಹೋದ ಕಡೆಯೆಲ್ಲ ಒಳ್ಳೆಯ ಜನ ಸಿಗಲಿ, ನೋಡಬೇಕೆಂದ ಹಕ್ಕಿ ಕಣ್ಣಿಗೆ ಬೀಳಲಿ, ದೇವರು ನಿನ್ನನ್ನು ಬಿಟ್ಟ ಕಣ್ಣು ಮುಚ್ಚದೆ ಕಾಯಲಿ.

ಇಂತಿ,
ನಿನ್ನ ದೊಡ್ಡಮ್ಮ

ತಾ. ಕ.: ಲಕೋಟೆ ಅಂಟಿಸಲು ಹೋದೆ, ಕೈ ಬರಲಿಲ್ಲ. ಕನ್ನಡಕದವನು ಅಂದು ಚಹಾ ಕುಡಿಯುತ್ತ ಹೇಳಿದ್ದನ್ನು ನಿನಗೆ ಹೇಳಿಬಿಡಬೇಕು. "ಕಂಪನಿಯವರು ಮೊದಲು ಅವಳನ್ನೇ ಕೇಳಿದ್ರು. ಬೇರೆ ಎಲ್ಲಿಗೆ ಬೇಕಾದ್ರೂ ಹೋಗ್ತೀನಿ, ಅಲ್ಲಿಗೆ ಬೇಡ ಅಂದ್ಲಂತೆ. ಕೆಳಗಡೆ ಯಾರೋ ಒಬ್ಬ ಅಮ್ಮ ಇದ್ದಾರಂತೆ. ಇವಳು ಇಳಿದು ಬರೋವರೆಗೂ ಊಟ ಮಾಡದೆ ಬಾಗಿಲಲ್ಲೇ ಕೂತಿರ್ತಿದ್ರಂತೆ. ಸಂಜೆಯಾದ್ರೆ ಇವಳಿಗೆ ಹಕ್ಕಿ ಕಡೆ ಗಮನವೇ ಹೋಗ್ತಿರಲಿಲ್ವಂತೆ. ಉಸಿರು ಕಟ್ಟಿದ ಹಾಗಾಗೋದು ಅಂದ್ಲು. ನಿಮಗೆ ಗೊತ್ತಾ ಆ ಅಮ್ಮ?"

"ಯಾರೋ ಇರಬೇಕಪ್ಪಾ" ಅಂದೆ. ಸುಳ್ಳು ಹೇಳಿದ್ದಕ್ಕೆ ದೇವರ ಹತ್ತಿರ ಕ್ಷಮೆ ಕೇಳಿಕೊಂಡಿದ್ದೇನೆ.

ನನಗೆ ಗೊತ್ತಿರಲಿಲ್ಲ ಮಗಳೇ. ನನಗಾಗಿ ಯಾರೂ ಹಾಗೆ ಕಾದವರಿಲ್ಲ, ಅದು ಭಾರ ಅಂತ ಹೇಗೆ ತಿಳಿಯಬೇಕು? ಈಗ ಕತ್ತಲಾಗುವ ಮೊದಲೇ ಊಟ ಮಾಡಿ, ಬಾಗಿಲು ಹಾಕಿ ಒಳಗೆ ಕೂರುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದೇನೆ. ಎಣಿಸುವುದಕ್ಕೇನೂ ಬೇಡ, ಈ ಕಡೆ ಹಾದು ಹೋಗುವಾಗ ಒಮ್ಮೆ ಬಾ. ಎಷ್ಟು ಹೊತ್ತಿಗೆ ಬರುತ್ತೀಯ ಅಂತ ಕೇಳುವುದಿಲ್ಲ. ನನ್ನದು ಊಟ ಆಗಿರುತ್ತದೆ.